ಕನ್ಸೈನೀ ನಾನೇ

ತಮ್ಮ ಸತ್ತ ಸುದ್ದಿ ಬಂದ ದಿನ ನನಗೆ ಅಳು ಬರಲಿಲ್ಲ. ಮಾರನೇ ದಿನ ದುಬೈಯಿಂದ ಅವನ ಕಂಪನಿಯವನು ಫೋನು ಮಾಡಿದ. ಹಿಂದಿಯಲ್ಲಿ ಮೆತ್ತಗೆ ಮಾತಾಡುವ ಮನುಷ್ಯ. ಬಾಡಿಯನ್ನು ವಿಮಾನಕ್ಕೆ ಬುಕ್ ಮಾಡಬೇಕು, ಕನ್ಸೈನೀ ಅಂತ ಯಾರ ಹೆಸರು ಹಾಕಲಿ ಎಂದು ಕೇಳಿದ. ನಾನು ನನ್ನ ಹೆಸರು ಹೇಳಿದೆ. ಆಧಾರಿನಲ್ಲಿ ಇರುವ ಹಾಗೆ ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಊರು, ತಾಲ್ಲೂಕು, ಪಿನ್ ಕೋಡು ಎಲ್ಲ ಹೇಳಿದೆ. ದಿನವೂ ಹೇಳುವ ಹಾಗೇ ಹೇಳಿದೆ. ಫೋನು ಇಟ್ಟ ಮೇಲೆ, ನಾನು ಯಾವುದಕ್ಕೆ ಕನ್ಸೈನೀ ಆದೆ ಅನ್ನುವುದು ತಲೆಗೆ ಹತ್ತಿತು. ಗೋಡೌನಿನ ಮುಂದೆ ಲಾರಿ ನಿಂತಿತ್ತು, ಹುಡುಗರು ಹಲಗೆ ಹಾಕಿಕೊಂಡು ಕಾಯುತ್ತಿದ್ದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಚೇಳೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಗುಬ್ಬಿಗೆ, ಗುಬ್ಬಿಯಿಂದ ತುಮಕೂರಿಗೆ ಬಂದು ಲಾರಿ ಆಫೀಸೊಂದರಲ್ಲಿ ಕೊಬ್ಬರಿ ಮೂಟೆ ಹೊರುವುದಕ್ಕೆ ಸೇರಿಕೊಂಡೆ. ಇಂಗ್ಲಿಷು ಕಲಿತದ್ದು ಆ ಮೂಟೆಗಳ ಮಧ್ಯೆಯೇ. ಮಾಲು ಕಳಿಸುವವನು ಕನ್ಸೈನರ್, ಬಿಡಿಸಿಕೊಳ್ಳುವವನು ಕನ್ಸೈನೀ. ಡಬ್ಬ, ಗೋಣಿ, ಹಗ್ಗ ಎಲ್ಲ ಸೇರಿದ ತೂಕ ಗ್ರಾಸ್. ಬರೀ ಡಬ್ಬದ್ದು ಟೇರ್. ಅದನ್ನು ಕಳೆದರೆ ಉಳಿಯುವ ಮಾಲಿನ ತೂಕ ನೆಟ್. ಮನೆ ಬಾಗಿಲಿಗೆ ಮುಟ್ಟಿಸಿದರೆ ಡೋರ್ ಡೆಲಿವರಿ. ದಾರಿಯಲ್ಲಿ ಒಡೆದರೆ ನಮಗೆ ಸಂಬಂಧ ಇಲ್ಲ ಅನ್ನುವುದಕ್ಕೆ ಓನರ್ಸ್ ರಿಸ್ಕ್ ಅಂತ ಮೊದಲೇ ಬರೆದುಬಿಡುತ್ತೇವೆ. ಹತ್ತನೇ ಕ್ಲಾಸು ಮುಗಿಸಿ ಬಂದವರಿಗೂ ಇವನ್ನೆಲ್ಲ ನಾನೇ ಹೇಳಿಕೊಟ್ಟಿದ್ದೇನೆ. ಆಮೇಲೆ ಲೋಡಿಂಗ್ ಮೇಸ್ತ್ರಿಯಾದೆ. ಒಂದು ಸಾಮಾನನ್ನು ಕಣ್ಣಲ್ಲಿ ನೋಡಿದರೆ ಸಾಕು, ಅದು ಯಾವ ಮೂಲೆಯಲ್ಲಿ ಕೂರುತ್ತೆ, ಹೇಗೆ ತಿರುಗಿಸಿದರೆ ಒಳಗೆ ಹೋಗುತ್ತೆ ಎಂದು ಹೇಳಬಲ್ಲೆ. ನನ್ನ ಕೈಲಿ ಲೋಡಾದ ಲಾರಿಯಿಂದ ಒಡೆದ ಗಾಜು ಇಳಿದದ್ದಿಲ್ಲ. ಜಂಬ ಅಂದುಕೊಂಡರೂ ಸರಿ, ಇದ್ದದ್ದನ್ನು ಹೇಳುತ್ತಿದ್ದೇನೆ.

ತಮ್ಮನನ್ನೂ ಅದೇ ಗೋಡೌನಿಗೆ ಕರೆತಂದೆ. ಅವನು ನನ್ನಷ್ಟು ಬೆನ್ನು ಸವೆಸಲಿಲ್ಲ, ಬೇಗನೆ ಮಾಲು ಎತ್ತಿಡುವ ಫೋರ್ಕ್‌ಲಿಫ್ಟು ಗಾಡಿ ಓಡಿಸುವುದು ಕಲಿತ. ಅದನ್ನೇ ಹಿಡಿದುಕೊಂಡು ದುಬೈಗೆ ಹೋದ. ದೊಡ್ಡ ಗೋಡೌನು, ಒಳಗೆಲ್ಲ ಏಸಿ ಎಂದು ವಿಡಿಯೋ ಕಾಲಿನಲ್ಲಿ ತೋರಿಸುತ್ತಿದ್ದ. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಗಾಡಿಯಿಂದ ಇಳಿದವನು ಮತ್ತೆ ಏಳಲಿಲ್ಲವಂತೆ.

ಊರಿಗೆ ಹೋದಾಗ ಅವ್ವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ನನ್ನ ಕೈ ಹಿಡಿದು ಕೇಳಿದ್ದು ಒಂದೇ.

"ನಿಮ್ಮಪ್ಪನ ಪಕ್ಕದಾಗೆ ಕೂರುಸ್ಬೇಕು ಕಣಪ್ಪ ಅವುನ್ನ. ಇನ್ನೇನೂ ಕೇಳಾಕಿಲ್ಲ ನಿನ್ನ."

"ಕೂರುಸ್ತೀನಿ ಬುಡವ್ವ" ಅಂದೆ.

ನಾವು ಲಿಂಗ ಕಟ್ಟುವ ಜನ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಉಸಿರು ಹೋದ ಕೂಡಲೇ, ಮೈ ಬಿಗಿಯುವ ಮೊದಲು, ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಹಾಕಿಸಿ ಕೂರಿಸಿಬಿಡುತ್ತೇವೆ. ಗುಣಿಯೂ ಹಾಗೇ, ಚೌಕವಾಗಿ ಆಳಕ್ಕೆ ತೆಗೆದು ಒಂದು ಪಕ್ಕಕ್ಕೆ ಗೂಡು ಕೊರೆದಿರುತ್ತೇವೆ. ಆ ಗೂಡಿನಲ್ಲಿ, ಅಂಗೈಯಲ್ಲಿ ಲಿಂಗ ಹಿಡಿದು, ಪೂಜೆಗೆ ಕೂತ ಹಾಗೆ ಕೂರಿಸಿ ವಿಭೂತಿ, ಪತ್ರೆ ತುಂಬುತ್ತೇವೆ. ನಮ್ಮಪ್ಪ ತೋಟದಲ್ಲಿ ಹಾಗೇ ಕೂತಿದ್ದಾನೆ. ಅವ್ವನ ಲೆಕ್ಕದಲ್ಲಿ ಮಲಗಿಸಿ ಮಣ್ಣು ಹಾಕಿದರೆ ಅದು ಮಣ್ಣಲ್ಲ, ಬಿಸಾಡಿದ ಹಾಗೆ.

ವಿಮಾನ ಬರುವ ದಿನ ಗುಬ್ಬಿಯಿಂದ ಆಂಬುಲೆನ್ಸ್ ಮಾಡಿಕೊಂಡು ಬೆಳಿಗ್ಗೆ ಬೆಂಗಳೂರಿಗೆ ಹೋದೆ. ನಾನು ಪ್ಯಾಸೆಂಜರು ಬರುವ ಬಾಗಿಲ ಹತ್ತಿರ ಹೋಗೋಣ ಅಂದೆ. ಇದೇ ಕೆಲಸಕ್ಕೆ ಎಷ್ಟೋ ಸಲ ಬಂದಿದ್ದ ಡ್ರೈವರು ನನ್ನ ಮುಖ ನೋಡಿದ.

"ಅಲ್ಲಿಗಲ್ಲ ಅಣ್ಣ. ಇವ್ರು ಬರೋದು ಕಾರ್ಗೋದಾಗೆ."

ಕಾರ್ಗೋ ಕಡೆಯ ಗೇಟಿನಲ್ಲಿ ಲಾರಿಗಳ ಸಾಲು ನಿಂತಿತ್ತು. ಹೂವಿನ ಡಬ್ಬಗಳು, ಔಷಧಿ ಡಬ್ಬಗಳು. ಡ್ರೈವರುಗಳು ಟೀ ಕುಡಿಯುತ್ತಾ ನಿಂತಿದ್ದರು. ಆ ವಾಸನೆ, ಆ ಸದ್ದು ಎಲ್ಲ ನನಗೆ ಗೊತ್ತಿದ್ದದ್ದೇ. ಬೇರೆ ಯಾವ ದಿನ ಆದರೂ ನಾನೂ ಅವರ ಜೊತೆ ನಿಂತು ಮಾತಿಗೆ ಇಳಿಯುತ್ತಿದ್ದೆ. ಗೇಟಿನವನು ತಲೆ ಎತ್ತದೆ ಕೇಳಿದ.

"ಎಷ್ಟ್ ಪೀಸು?"

ನನ್ನ ಬಾಯಿ ತಾನಾಗಿಯೇ ಹೇಳಿತು. "ಒಂದು."

ಒಳಗೆ ಕೌಂಟರಿನಲ್ಲಿ ಇದ್ದವನು ವಯಸ್ಸಿನಲ್ಲಿ ಚಿಕ್ಕವನು. ಒಳ್ಳೆಯವನೇ, ಕುರ್ಚಿ ಕೊಟ್ಟ, ನೀರು ಕೊಟ್ಟ. ಪೊಲೀಸು, ಆರೋಗ್ಯ ಇಲಾಖೆ, ಕಸ್ಟಮ್ಸು ಎಲ್ಲರ ಸೀಲೂ ಬಿದ್ದ ಮೇಲೆ ಏರ್ ವೇ ಬಿಲ್ಲನ್ನು ನನ್ನ ಕಡೆ ತಿರುಗಿಸಿದ. ನಮ್ಮ ಲಾರಿ ರಸೀತಿಯ ಅಣ್ಣನ ಹಾಗಿತ್ತು ಅದು. ಗೆರೆ ಎಳೆದ ಅವೇ ಮನೆಗಳು, ಅವೇ ಮಾತುಗಳು. ಕಳಿಸಿದವರ ಜಾಗದಲ್ಲಿ ಕಂಪನಿ ಹೆಸರು. ಬಿಡಿಸಿಕೊಳ್ಳುವವರ ಜಾಗದಲ್ಲಿ ನನ್ನ ಹೆಸರು. ತಮ್ಮನ ಹೆಸರು ಇದ್ದದ್ದು ಅಕ್ಕಿಯೋ ಕೊಬ್ಬರಿಯೋ ಎಂದು ಬರೆಯುವ ಜಾಗದಲ್ಲಿ. ಅದರ ಪಕ್ಕದಲ್ಲಿ ಗ್ರಾಸ್ ವೇಟು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ತೂಕ ಕಂಡ ಕೂಡಲೇ ನನ್ನ ತಲೆ ಅದರಿಂದ ಪೆಟ್ಟಿಗೆಯ ತೂಕ ಕಳೆಯುವುದಕ್ಕೆ ಹೊರಟಿತು. ಮರದ್ದಕ್ಕೆ ಇಷ್ಟು, ಒಳಗಿನ ತಗಡಿಗೆ ಇಷ್ಟು, ಉಳಿದದ್ದು ನೆಟ್. ಉಳಿದದ್ದು ನನ್ನ ತಮ್ಮ. ಅದು ಲೆಕ್ಕವಾಗಿ ಮುಗಿಯುವ ಮುಂಚೆ ನಾನು ಬೆಚ್ಚಿ ಕಣ್ಣು ಮುಚ್ಚಿಕೊಂಡೆ.

"ಸಾರ್, ನೀವೇ ತಾನೆ ಕನ್ಸೈನೀ?" ಕೌಂಟರಿನವನು ಕೇಳಿದ.

"ಹೂಂ ಸಾರ್, ನಾನೇ."

"ಇದನ್ನ ಇಲ್ಲಿ ಇಟ್ಕೊಂಡಿದ್ದಕ್ಕೆ ಡೆಮರೇಜ್ ಬಾಡಿಗೆ ಏನೂ ಹಾಕಲ್ಲ, ಗಾಬರಿ ಆಗ್ಬೇಡಿ. ಪ್ಯಾಕಿಂಗ್ ಸರಿ ಇದೆಯಾ ಅಂತ ನೋಡ್ಕೊಂಡು, ಇಲ್ಲೊಂದು ಸೈನ್ ಮಾಡಿ."

ಮಾಲು ಸುಸ್ಥಿತಿಯಲ್ಲಿ ಸಿಕ್ಕಿದೆ ಎಂದು ಬರೆಸಿಕೊಳ್ಳುವ ಸೈನು ಅದು. ಅಂಥ ಸೈನನ್ನು ನಾನು ಎಷ್ಟು ಜನರ ಕೈಲಿ ಹಾಕಿಸಿಲ್ಲ.

ಪೆಟ್ಟಿಗೆ ಫೋರ್ಕ್‌ಲಿಫ್ಟಿನ ಮೇಲೆ ಬಂತು. ಹಳದಿ ಬಣ್ಣದ್ದು, ತಮ್ಮ ಓಡಿಸುತ್ತಿದ್ದಂಥದೇ. ಓಡಿಸುವವನು ಹುಷಾರಾಗಿಯೇ ತಂದ, ತಿರುವಿನಲ್ಲಿ ನಿಧಾನ ಮಾಡಿದ, ಇಳಿಸುವಾಗ ಸದ್ದೂ ಮಾಡಲಿಲ್ಲ. ಅಷ್ಟಕ್ಕೇ ನನಗೆ ಅಳು ಬಂದದ್ದು. ಪೆಟ್ಟಿಗೆಯ ಒಂದು ತುದಿಯಲ್ಲಿ ಹೆಡ್ ಎಂದು ದಪ್ಪಕ್ಷರದಲ್ಲಿ ಬರೆದು ಬಾಣದ ಗುರುತು ಹಾಕಿದ್ದರು. "ತಲೆ ಕಡೆ ಮೊದ್ಲು, ತಲೆ ಕಡೆ ಮೊದ್ಲು" ಎಂದು ನಾನೇ ಕೂಗಿ ಆಂಬುಲೆನ್ಸಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಒಂದು ಕೈ ಅದರ ಮೇಲೆ ಇಟ್ಟುಕೊಂಡೇ ಕೂತಿದ್ದೆ. ನೆಲಮಂಗಲ ದಾಟಿತು, ತುಮಕೂರು ದಾಟಿತು, ಗುಬ್ಬಿಯೂ ಬಂತು. ಆ ಪೆಟ್ಟಿಗೆಯ ಉದ್ದ ನನ್ನ ಕೈ ಕೆಳಗೇ ಇತ್ತು. ಆದರೂ ಹೊಳೆಯಲಿಲ್ಲ.

ಹೊಳೆದದ್ದು ತೋಟದಲ್ಲಿ. ನಮ್ಮ ದೊಡ್ಡಪ್ಪ ಮುಂದೆ ನಿಂತು ಗುಣಿ ತೆಗೆಸಿದ್ದ. ಅಪ್ಪನ ಗದ್ದುಗೆಯ ಪಕ್ಕದಲ್ಲೇ, ಚೊಕ್ಕವಾಗಿ ಚೌಕ ಹೊಡೆದು, ಗೂಡಿಗೆ ಸಗಣಿ ಸಾರಿಸಿ, ಅಂಚಿಗೆ ರಂಗೋಲಿ ಎಳೆದಿದ್ದರು. ಒಬ್ಬ ಮನುಷ್ಯ ಕಾಲು ಮಡಚಿ ಕೂರುವುದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಎಂಟು ಜನ ಪೆಟ್ಟಿಗೆ ಹೊತ್ತು ತಂದು ಅದರ ಪಕ್ಕದಲ್ಲಿ ಇಳಿಸಿದರು. ಉದ್ದದ ಪೆಟ್ಟಿಗೆ, ಗಿಡ್ಡದ ಗುಣಿ. ಊರಿಗೆ ಊರೇ ನಿಂತು ಅವೆರಡನ್ನೂ ನೋಡಿತು. ಸಾಮಾನು ನೋಡಿ ಜಾಗ ಹೇಳುವವನು ನಾನು. ನನಗೂ ಅದು ಆಗಲೇ ಕಂಡದ್ದು.

"ಏನ್ಲಾ ಮೇಸ್ತ್ರಿ" ಅಂದ ದೊಡ್ಡಪ್ಪ. "ಊರಿಗೆಲ್ಲ ಲೋಡ್ ಮಾಡ್ತೀಯ. ಹೆಂಗ್ ಬತ್ತಾನೆ ಅಂತ ಒಂದ್ ಮಾತ್ ಕೇಳ್ಬಾರ್ದಾಗಿತ್ತಾ?"

"ನೀನ್ ಕೇಳ್ದಾ ದೊಡ್ಡಪ್ಪ?" ಅಂದೆ.

ಕ್ರಿಯೆ ಮಾಡಿಸುವ ಅಯ್ಯನೋರು ಮೊದಲು ಪೆಟ್ಟಿಗೆ ತೆಗೆಯಿರಿ, ಮುಖ ನೋಡಲಿ ಅಂದರು. ಮೇಲಿನ ಮರ ಬಿಚ್ಚಿ ತಗಡನ್ನು ಕತ್ತರಿಸಿದೆವು. ಔಷಧಿಯ ವಾಸನೆ ಎದ್ದಿತು. ತಮ್ಮ ಬಿಳಿ ಬಟ್ಟೆಯೊಳಗೆ ನೆಟ್ಟಗೆ ಮಲಗಿದ್ದ. ಮುಖ ಚೆನ್ನಾಗಿತ್ತು, ಗಡ್ಡ ಯಾರೋ ಹೆರೆದಿದ್ದರು. ಅವ್ವ ಕೆನ್ನೆ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಮುಟ್ಟಿದಳು. ನಾನು ಮತ್ತು ಚಿಕ್ಕಪ್ಪನ ಮಗ ಕಾಲಿನ ಹತ್ತಿರ ಕೂತು ಮಂಡಿಯ ಕೆಳಗೆ ಕೈ ಹಾಕಿ ಮೆತ್ತಗೆ ಎತ್ತಿ ನೋಡಿದೆವು. ಕಾಲು ಮಡಚಲಿಲ್ಲ. ಇಡೀ ಮೈ ಒಟ್ಟಿಗೆ ಹಲಗೆಯ ಹಾಗೆ ಎದ್ದಿತು. ನನ್ನ ತಮ್ಮನ ಮೈ ಅನ್ನುವುದನ್ನು ನನ್ನ ಕೈ ನಂಬಲಿಲ್ಲ.

ಆಂಬುಲೆನ್ಸ್ ಡ್ರೈವರು ಹಿಂದಿನಿಂದ ಹೇಳಿದ. "ಔಸ್ದಿ ಹಾಕಿರ್ತಾರೆ ಅಣ್ಣ, ಕೆಡ್ಬಾರ್ದು ಅಂತ. ಬಗ್ಗಲ್ಲ ಅದು."

"ಬಗ್ಗುತ್ತೆ" ಅಂದ ದೊಡ್ಡಪ್ಪ. ದನಿ ತಗ್ಗಿಸಿದ್ದ, ಆದರೂ ಎಲ್ಲರಿಗೂ ಕೇಳಿಸಿತು. "ಮಂಡಿ ಚಿಪ್ಪಿಗೆ ಒಂದೊಂದ್ ಏಟ್ ಹಾಕುದ್ರೆ ಮಡುಚ್ಕತ್ತದೆ. ಹೆಂಗಸ್ರುನ್ನ ಆ ಕಡೆ ಕಳ್ಸಿ."

ಅವನು ಕೆಟ್ಟವನಲ್ಲ. ನಮ್ಮಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವನು. ಅವ್ವನ ಮಾತು ನಡೆಯಲಿ ಎಂದೇ ಹೇಳಿದ. ಅದು ಗೊತ್ತಿದ್ದೂ ಆ ಮಾತಿಗೆ ನನಗೆ ಗಾಬರಿಯಾಯಿತು. ಅದಕ್ಕಿಂತ ಗಾಬರಿಯಾದದ್ದು, ಯಾರೂ ಬೇಡ ಅನ್ನಲಿಲ್ಲ. ಗುಣಿ ತೆಗೆದವನೊಬ್ಬ ಕೈಯಲ್ಲಿದ್ದ ಹಾರೆಯನ್ನು ಬದಲಿಸಿಕೊಂಡ. ಕೂರಿಸುತ್ತೀನಿ ಎಂದು ಮಾತು ಕೊಟ್ಟವನು ನಾನು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಆಗ ತಮ್ಮನ ಹೆಂಡತಿ ಎದ್ದಳು. ಅವಳು ಕುಣಿಗಲ್ ಕಡೆಯವಳು, ಕೊತ್ತಗೆರೆ ತವರು. ಮದುವೆಯಾಗಿ ಬಂದಾಗಿನಿಂದ ನನ್ನ ಎದುರಿಗೆ ನಿಂತು ಮಾತಾಡಿದವಳಲ್ಲ, ದೊಡ್ಡಪ್ಪನ ಎದುರಿಗಂತೂ ಇಲ್ಲವೇ ಇಲ್ಲ. ಬಂದು ಗಂಡನ ಮಂಡಿಗಳ ಮೇಲೆ ಎರಡೂ ಕೈ ಇಟ್ಟು ಕೂತಳು.

"ಯಾರೂ ಮುಟ್ಬೇಡಿ" ಅಂದಳು. "ಭಾವ, ನೀವೂ ಮುಟ್ಬೇಡಿ."

"ಸಾಸ್ತ್ರ ಕಣಮ್ಮ" ಅಂದ ದೊಡ್ಡಪ್ಪ.

"ನಂಗೂ ಗೊತ್ತು ಮಾವ. ನಮ್ಮಪ್ಪನ್ನೂ ಕೂರುಸೇ ಇಟ್ಟವ್ರೆ." ಆಮೇಲೆ ಅವಳು ಅವ್ವನ ಕಡೆ ತಿರುಗಿದಳು. "ಅತ್ತೆ, ಅವ್ರು ಅಲ್ಲಿ ಬೆಳುಗ್ಗಿಂದ ಸಾಯಂಕಾಲದ್ ಗಂಟ ಕೂತೇ ಇರ್ತಿದ್ರು. ಆ ಗಾಡಿ ಮ್ಯಾಲಿಂದ ಇಳಿಯಂಗೇ ಇರ್ಲಿಲ್ವಂತೆ. ಫೋನ್ ಮಾಡ್ದಾಗ್ಲೆಲ್ಲ ಸೊಂಟ ಅನ್ನೋರು. ಊರಿಗ್ ಬಂದು ಒಂದ್ ವಾರ ಬರೀ ಮಲಿಕ್ಕತ್ತೀನಿ ಕಣೇ ಅನ್ನೋರು."

ಇದು ನನಗೆ ಗೊತ್ತೇ ಇರಲಿಲ್ಲ. ನನಗೆ ಅವನು ಏಸಿ ತೋರಿಸಿದ್ದ.

ಅವ್ವ ಸೊಸೆಯ ಕೈಗಳ ಮೇಲೆ ತನ್ನ ಕೈ ಇಟ್ಟಳು. ಆಮೇಲೆ ಗುಣಿಯನ್ನು ನೋಡಿದಳು, ಅದರಾಚೆ ಅಪ್ಪನ ಗದ್ದುಗೆಯನ್ನು ನೋಡಿದಳು. ಅಪ್ಪನಿಗೇ ಏನೋ ಹೇಳುತ್ತಿದ್ದಾಳೆ ಅನ್ನಿಸಿತು.

"ಮಲಗ್ಸಿ" ಅಂದಳು.

"ಅವ್ವಾ, ನಾನು ಕೂರುಸ್ತೀನಿ ಅಂದಿದ್ದೆ."

"ಅಂದಿದ್ದೆ. ಈಗ ನಾನೇ ಅಂತಾ ಇವ್ನಿ, ಮಲಗ್ಸು. ಲಿಂಗ ಕೈಯಾಗೆ ಇಟ್ರೆ ಸಾಕಲ್ವ ಅಯ್ಯನೋರೆ?"

"ಸಾಕು ತಾಯಿ" ಅಂದರು ಅಯ್ಯನೋರು. "ದೂರದಿಂದ ಬಂದವ್ನೆ. ಸಾಕು."

ದೊಡ್ಡಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಯಾರಿಗೂ ಹೇಳದೆ ಹಾರೆ ಇಸಕೊಂಡು ಗುಣಿಗೆ ಇಳಿದ. ಆ ವಯಸ್ಸಿನಲ್ಲಿ ಅವನು ಇಳಿದದ್ದು ನೋಡಿ ನಾನು ಅಂಗಿ ಬಿಚ್ಚಿ ಹಿಂದೆಯೇ ಇಳಿದೆ. ಗೂಡು ಕೊರೆದಿದ್ದ ಗೋಡೆಯನ್ನು ಅವನೇ ಒಡೆದ. ಸಾರಿಸಿದ್ದ ಸಗಣಿ ಹೆಂಟೆ ಹೆಂಟೆಯಾಗಿ ಬಿತ್ತು. ಆ ಕಡೆಯೆಲ್ಲ ತೆಂಗಿನ ಬೇರು ಹೆಣೆದುಕೊಂಡಿತ್ತು, ಮಣ್ಣು ಸುಲಭಕ್ಕೆ ಬರಲಿಲ್ಲ. ಮೇಲೆ ನಿಂತವರು ಬುಟ್ಟಿ ಎಳೆದುಕೊಂಡರು. ಅಳತೆಗೆ ಕೋಲು ತರಲೇ ಎಂದು ಯಾರೋ ಕೇಳಿದರು. ಬೇಡ ಅಂದೆ. ನೆಲದಲ್ಲಿ ಅಂಗಾತ ಮಲಗಿ ನೋಡಿದೆ. ನನಗೆ ಸರಿಹೋಯಿತು.

ಅವ್ವ ಅಂಚಿಗೆ ಬಂದು ಬಗ್ಗಿ ನೋಡಿದಳು.

"ಕಾಲ್ ಕಡೆ ಇನ್ನೊಂದ್ ಚೂರ್ ತಗೀಲಾ" ಅಂದಳು. "ಅವ್ನು ನಿನಗಿಂತ ಉದ್ದ."