ಹೆಪ್ಪು ಕೇಳಿದ ನರ್ಸಮ್ಮ

ಸಾಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ನರ್ಸಮ್ಮ ಒಬ್ಬರೇ ಇದ್ದರು. ಯಾವ ಮಾತಿಗೂ ಸೊಂಟಕ್ಕೆ ಕೈಯಿಟ್ಟು, "ಕೇಳಿದ್ರೆ ತಾನೆ ಗೊತ್ತಾಗೋದು?" ಎನ್ನುವರು. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು, ನಾನು ಹೋಗುವವರೆಗೂ ಏಳಲಾಗದೆ ಬಿದ್ದಿದ್ದರು. ಅಂದಿನಿಂದ, ಗೋಡೆಗೆ ಗೋಡೆ ತಾಗಿ ಜನರಿರುವ ಅಪಾರ್ಟ್‌ಮೆಂಟಿಗೆ ಹೋಗುವ ಯೋಚನೆ. ಆದರೆ ಅಲ್ಲಿ ಸದಾ ಮುಚ್ಚಿದ ಬಾಗಿಲುಗಳು, ಕರೆದರೆ ಯಾರಾದರೂ ಬಂದಾರೇ ಎಂಬ ಅಳುಕು.

ಫ್ಲ್ಯಾಟ್ ನೋಡಲು ನನ್ನನ್ನೂ ಕರೆದೊಯ್ದರು. ಬ್ರೋಕರ್ ಬೀಗ ತೆಗೆಯುತ್ತಿದ್ದಂತೆ ಇವರು ಎದುರು ಮನೆಯ ಬೆಲ್ ಒತ್ತಿದರು.

"ಹೆಪ್ಪಿಗೆ ಒಂಚೂರು ಮೊಸರು ಕೊಡ್ತೀರಾ?"

"ಬನ್ನಿ ಅಮ್ಮಾ, ಒಳಗೆ ಬನ್ನಿ. ಯಾವ ಮನೆಯವ್ರು?" ಎಂದರು ಬಾಗಿಲು ತೆರೆದ ಹೆಂಗಸು.

"ಸದ್ಯಕ್ಕೆ ಯಾವ ಮನೆಯವಳೂ ಅಲ್ಲ. ನೀವು ಮೊಸರು ಕೊಟ್ರೆ ಎದುರು ಮನೆಯವಳು!"

ಆ ಹೆಂಗಸು ನಗುತ್ತಾ ಬಟ್ಟಲು ತುಂಬಿ ತಂದರು. ಬ್ರೋಕರ್ ಅತ್ತ ಖಾಲಿ ಫ್ಲ್ಯಾಟಿನಲ್ಲಿ ಕಾಯುತ್ತಲೇ ಇದ್ದ. ನಾವು ಇತ್ತ ಎರಡನೇ ಲೋಟ ಕಾಫಿ ಕುಡಿಯುತ್ತಿದ್ದೆವು.