ಜಾಫರಸಾಬರ ಕಾಣದ ಗಾಜು

ಹುನಗುಂದದ ಜಾಫರಸಾಬರು ಇಪ್ಪತ್ತು ವರ್ಷ ಗಾಜಿನ ಮೇಲೆ ಬರೆದವರು. ಅಂಗಡಿಯ ಬಾಗಿಲು, ಬಸ್ಸಿನ ಕಿಟಕಿ, ದವಾಖಾನೆಯ ಕಪಾಟು, ಎಲ್ಲಿ ಗಾಜಿತ್ತೋ ಅಲ್ಲಿ ಅವರ ಕುಂಚ ಓಡಾಡಿತ್ತು. ಆಮೇಲೆ ಫ್ಲೆಕ್ಸು ಬಂತು. ಉಳಿದ ಪೇಂಟರುಗಳ ಜೊತೆ ಕೂತು ಅವರೂ ಎರಡು ವರ್ಷ ಫ್ಲೆಕ್ಸನ್ನು ಬೈಯುತ್ತ ಚಹಾ ಕುಡಿದರು. ಫ್ಲೆಕ್ಸು ಹೋಗಲಿಲ್ಲ, ಪಿತ್ತ ಏರಿತು. ನಲವತ್ತೈದನೆಯ ವಯಸ್ಸಿಗೆ ಹಳೆಯ ಕಂಪ್ಯೂಟರೊಂದನ್ನು ಪಡಸಾಲೆಗೆ ತಂದಿಟ್ಟು ವಿಡಿಯೋ ಎಡಿಟಿಂಗ್ ಕಲಿತರು.

ಅಲ್ಲಿಯೂ ಅವರು ಗಾಜನ್ನು ಬಿಡಲಿಲ್ಲ. ಗಾಜಿನ ಮೇಲೆ ಹೆಸರು ಬರೆಯುವುದನ್ನೇ ಕ್ಯಾಮರಾದಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಕೈಯನ್ನೂ ಗಾಜನ್ನೂ ಅಳಿಸಿ, ಅಕ್ಷರಗಳನ್ನಷ್ಟೇ ಉಳಿಸುತ್ತಿದ್ದರು. ಬಾದಾಮಿಯಿಂದ ಇಳಕಲ್ಲಿನವರೆಗೆ ಮದುವೆ ವಿಡಿಯೋದ ಮೇಲೆ ವಧೂವರರ ಹೆಸರು ತಾನೇ ಬರೆದುಕೊಳ್ಳುತ್ತ ಮೂಡಿದರೆ, ಅದು ಜಾಫರಸಾಬರ ಕೈ. ಅಕ್ಷರದ ಹಿಂದೆ ಏನೂ ಇರಬಾರದು, ಕೆಳಗಿನ ಚಿತ್ರ ಹಾಗೆಯೇ ಕಾಣಬೇಕು. ಅದಕ್ಕಾಗಿ ಫೈಲನ್ನು ಹೊರತೆಗೆಯುವಾಗ ‘ಆಲ್ಫಾ’ ಎಂಬಲ್ಲಿ ಗುರುತು ಹಾಕಬೇಕು. ಫೈಲು ಎಮ್ಮೆಯಂತೆ ದಪ್ಪವಾಗುತ್ತದೆ. ಸಣ್ಣದಿರಲಿ ಎಂದು ಎಂಪಿ-ಫೋರ್ ಮಾಡಿದರೆ ಖಾಲಿ ಜಾಗವೆಲ್ಲ ಕಪ್ಪಾಗುತ್ತದೆ. ಇದನ್ನು ಅವರು ಮೂರು ತಾಲೂಕಿನ ಎಡಿಟರುಗಳಿಗೆ ಕೇಳದಿದ್ದರೂ ನಿಲ್ಲಿಸಿಕೊಂಡು ಹೇಳಿದ್ದಾರೆ.

ಈ ವರ್ಷ ಎಡವಿದವರು ಅವರೇ.

ಅವರಿಗೆ ಅಕ್ಷರ ತಿದ್ದಿಸಿದ ಅಂದಾನಪ್ಪ ಮಾಸ್ತರರು ಈಗ ಬಾಗಲಕೋಟೆಯ ನವನಗರದಲ್ಲಿ ಮಗಳು ಶೀಲಾಳ ಜೊತೆ ಇದ್ದಾರೆ. “ಅಕ್ಷರದ ನಡುವ ಗಾಳಿ ಆಡಬೇಕಲೇ ಜಾಫರ್ಯಾ” ಎಂದು ಬೆರಳಿನ ಗಿಣ್ಣಿನ ಮೇಲೆ ಪಟ್ಟಿಯಿಂದ ಹೊಡೆದವರು. ಅವರ ಹೆಂಡತಿ ಸಂಗವ್ವ ತೀರಿ ವರ್ಷವಾಗಿತ್ತು. ವರ್ಷದ ಸ್ಮರಣೆಗೆ ನವನಗರದ ಹಾಲ್‌ ಒಂದರಲ್ಲಿ ದೊಡ್ಡ ಪರದೆ. ಸಂಗವ್ವನದೆಂದು ಉಳಿದಿರುವ ವಿಡಿಯೋ ಒಂದೇ, ನಲವತ್ತು ಸೆಕೆಂಡಿನದು. ಚೊಳಚಗುಡ್ಡದ ಬನಶಂಕರಿ ಗುಡಿಯ ಹೊರಗೆ ರೊಟ್ಟಿ ಮುರಿಯುತ್ತ ಕೂತವಳು, ಮಗಳ ಮೊಬೈಲು ಕಂಡು ನಾಚಿ ಸೆರಗನ್ನು ಬಾಯಿಗೆ ಹಿಡಿಯುತ್ತಾಳೆ. ಅದರ ಮೇಲೆ ಅವಳ ಹೆಸರು ಜಾಫರನ ಕೈಯಲ್ಲೇ ಮೂಡಬೇಕು. ಮಾಸ್ತರರು ಕೇಳಿದ್ದು ಅಷ್ಟೇ.

ಜಾಫರಸಾಬರು ಒಂದು ವಾರ ಬರೆದರು, ಅಳಿಸಿದರು, ಬರೆದರು. ಎಲ್ಲ ಮುಗಿದ ಮೇಲೆ, ಒಂದೂವರೆ ಜಿಬಿ ಯಾರು ಹೊತ್ತಾರು ಎಂದು ಸೋಮಾರಿತನಕ್ಕೆ ಎಂಪಿ-ಫೋರ್ ಮಾಡಿ ಮೊಬೈಲಿನಲ್ಲಿ ಕಳಿಸಿಬಿಟ್ಟರು.

ಸ್ಮರಣೆಯ ದಿನ ಬೆಳಿಗ್ಗೆ ಎಂಟೂವರೆಗೆ ಹಾಲ್‌ನಲ್ಲಿ ಪರೀಕ್ಷೆ; ಜಾಫರಸಾಬರೂ ಬಂದಿದ್ದರು. ಪರದೆಯ ಕೆಲಸದ ಸುನೀಲಕುಮಾರ ಸಂಗವ್ವನ ವಿಡಿಯೋದ ಮೇಲೆ ಅಕ್ಷರದ ಫೈಲನ್ನು ಕೂರಿಸಿ ಗುಂಡಿ ಒತ್ತಿದ. ಪರದೆ ಪೂರ್ತಿ ಕಪ್ಪಾಯಿತು. ಅದರೊಳಗೆ ಕಡುಗೆಂಪು ಅಕ್ಷರಗಳು ಹುಡುಕಿದರೆ ಸಿಗುವಂತಿದ್ದವು.

“ಅವ್ವ ಎಲ್ಲ್ಯದಾಳ್ರಿ?” ಎಂದಳು ಶೀಲಾ.

ಜಾಫರಸಾಬರ ಗಿಣ್ಣಿಗೆ ಮಾಸ್ತರರ ಪಟ್ಟಿ ಮತ್ತೆ ಬಿದ್ದಂತಾಯಿತು.

“ಕರೀದು ತಗದ್ರ ನಿಮ್ಮ ಅಕ್ಷರಾನೂ ಕೂಡಿ ಹೋಗ್ತಾವು ಚಾಚಾ,” ಎಂದ ಸುನೀಲಕುಮಾರ. “ಕಂಪ್ಯೂಟರ್ ಅಕ್ಷರ ಹಾಕೂಣೇನ್ರಿ?”

“ಅಪ್ಪಾಜಿ ಒಪ್ಪೂದಿಲ್ಲ,” ಎಂದಳು ಶೀಲಾ. ಕಾರ್ಯಕ್ರಮ ಹನ್ನೆರಡಕ್ಕೆ.

ಜಾಫರಸಾಬರು ಹುನಗುಂದಕ್ಕೆ, ಹೆಂಡತಿ ನಜಮಾಳಿಗೆ ಫೋನು ಹಚ್ಚಿದರು. ಇಳಕಲ್ಲಿನ ಮಗ್ಗದ ಮನೆಯಿಂದ ಸೊಸೆಯಾಗಿ ಬಂದ ನಜಮಾ ಆ ಕಂಪ್ಯೂಟರನ್ನು ಅಲ್ಲಿಯವರೆಗೆ ಮುಟ್ಟಿದ್ದು ಧೂಳು ಒರೆಸುವುದಕ್ಕೆ ಮಾತ್ರ. ಎಲ್ಲಿ ಒತ್ತಬೇಕೆಂದು ಒಂದೊಂದಾಗಿ ಹೇಳಿ ಫೈಲು ತೆರೆಸಿದರು.

“ಆಲ್ಫಾ ಅಂತ ಬರದೈತಿ ನೋಡು, ಅದರ ಮುಂದ ರೈಟ್ ಹಾಕು.”

“ಹಾಕಿದ್ನಿ. ಆದ್ರ ಅಕ್ಷರದ ಹಿಂದ ಚೌಕಡಿ ಬಂದೈತ್ರಿ. ಬೂದಿ ಬಣ್ಣ, ಬಿಳಿ. ನಮ್ಮಪ್ಪ ನೇಯ್ತಿದ್ದ ಸೀರಿಗತೆ. ತಪ್ಪಾತು ಕಾಣತೈತಿ, ತಗೀಲೇನು?”

“ತಗೀಬ್ಯಾಡ! ಅದು ಅರಿವಿ ಅಲ್ಲ. ಅಲ್ಲಿ ಏನೂ ಇಲ್ಲ ಅಂತ ತೋರಸ್ತೈತಿ.”

“ಏನೂ ಇಲ್ಲ ಅನ್ನಾಕ ಇಷ್ಟ್ಯಾಕ ಚೌಕಡಿ?”

ಏಳು ವರ್ಷ ಆ ಚೌಕಡಿಯ ಮುಂದೆ ಕೂತಿದ್ದರೂ ಜಾಫರಸಾಬರು ಇದನ್ನು ಕೇಳಿಕೊಂಡಿರಲಿಲ್ಲ. “ಆಮ್ಯಾಲ ಹೇಳ್ತೇನಿ,” ಎಂದರು.

ನಜಮಾ ಹೊಸ ಫೈಲು ತುಂಬಿದ ಪೆನ್‌ಡ್ರೈವನ್ನು ಚಟ್ನಿ ಡಬ್ಬಿಯಲ್ಲಿಟ್ಟು, ಅರಿವೆಯಲ್ಲಿ ಕಟ್ಟಿ, ಒಂಬತ್ತೂವರೆಯ ಬಸ್ಸಿನ ಡ್ರೈವರನ ಕೈಗೆ ಕೊಟ್ಟಳು. ಜಾಫರಸಾಬರು ಹತ್ತು ಗಂಟೆಯಿಂದಲೇ ನವನಗರದ ಸ್ಟ್ಯಾಂಡಿನಲ್ಲಿ ನಿಂತು, ಬಂದ ಬಸ್ಸಿಗೆಲ್ಲ ಇಣುಕಿದರು. ಹನ್ನೊಂದೂ ಕಾಲಿಗೆ ಸಿಕ್ಕ ಡ್ರೈವರು ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, “ಏನ್ರಿ ಸಾಬ್ರ, ಚಟ್ನಿ ಅಂದ್ರು, ಒಳಗ ಗೋಟಡಕಿ ಐತೇನು?” ಎಂದು ನಕ್ಕ. ಜಾಫರಸಾಬರಿಗೆ ನಗು ಬರಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಹಾಲ್‌ವರೆಗೆ ಓಡಿದರು. ಅದನ್ನು ಓಟವೆಂದು ಕರೆದವರು ಅವರೊಬ್ಬರೇ.

ಹನ್ನೆರಡಕ್ಕೆ ಪರದೆಯ ಮೇಲೆ ಸಂಗವ್ವ ರೊಟ್ಟಿ ಮುರಿದಳು, ಸೆರಗು ಹಿಡಿದಳು, ನಕ್ಕಳು. ಅವಳ ಮಗ್ಗುಲಲ್ಲಿ ಅಕ್ಷರ ಒಂದೊಂದೇ ಮೂಡಿ ನಿಂತಿತು. ಅಕ್ಷರದ ಸಂದಿಯಲ್ಲಿ ಗುಡಿಯ ಮುಂದಿನ ಬಿಸಿಲು ಕಾಣುತ್ತಿತ್ತು.

ಮುಗಿದ ಮೇಲೆ ಮಾಸ್ತರರು ಹತ್ತಿರ ಕರೆದರು. ಜಾಫರಸಾಬರು ಎಂಟು ವರ್ಷದ ಹುಡುಗನಂತೆ ಕೈಕಟ್ಟಿ ನಿಂತರು.

“ಜಾಫರ್ಯಾ, ನಿನ್ನ ಅಕ್ಷರ ನಾ ನೋಡಲಿಲ್ಲಲೇ. ಆಕೀನ ನೋಡಕೋಂತ ಕುಂತಿದ್ದೆ. ತಪ್ಪು ತಿಳಕೋಬ್ಯಾಡ.”

“ಇಲ್ರಿ ಸರ್,” ಎಂದರು ಜಾಫರಸಾಬರು.

ಸಂಜೆ ಮನೆಯಲ್ಲಿ ನಜಮಾ ಡಬ್ಬಿ ತಿರುಗಿ ಇಸಿದುಕೊಳ್ಳುತ್ತ ಕೇಳಿದಳು, “ಮಾಸ್ತರು ಏನಂದ್ರು?”

“ಅಕ್ಷರ ನೋಡೇ ಇಲ್ಲಂತ. ಸಂಗವ್ವಾರನ್ನ ನೋಡಕೋಂತ ಕುಂತಿದ್ರಂತ.”

“ಅಯ್ಯ! ಅಷ್ಟು ಧಡಪಡಿಸಿ ಕಳಿಸಿದ್ದು ಮತ್ತ್ಯಾಕ?”

ಜಾಫರಸಾಬರು ಕಂಪ್ಯೂಟರಿನ ಕಡೆ ನೋಡಿದರು. ನಜಮಾ ಬೆಳಿಗ್ಗೆ ಬಿಟ್ಟಿದ್ದಂತೆಯೇ ಚೌಕಡಿ ಇನ್ನೂ ಅಲ್ಲೇ ಇತ್ತು.

“ಅದಕ್ಕ,” ಎಂದರು.