ಹಳೆಯ ಇಂಗ್ಲಿಷಿನ ನೈವೇದ್ಯ

ನನಗೆ ಬರುವ ಓದು ವಾಡಿಗೆ ಹೋಗುವ ಬಸ್ಸಿನ ಬೋರ್ಡಿಗೆ ಸಾಕು, ಅದೂ ಬಸ್ಸು ನಿಂತಿದ್ದರೆ. ಇಂಗ್ಲಿಷಂತೂ ನನ್ನ ಹೊಸ್ತಿಲು ತುಳಿದಿರಲಿಲ್ಲ. ಹೋದ ಸುಗ್ಗಿಯಲ್ಲಿ ಅದು ರೊಟ್ಟಿಯ ಜೊತೆ ತಾಟಿನಲ್ಲಿ ಕುಳಿತೇ ಬಂತು.

ಶಹಾಬಾದಿನ ನಮ್ಮ ಓಣಿಯಲ್ಲಿ ಗೋಡೆಯಾಚೆ ಮಾರ್ತಮ್ಮನ ಮನೆ. ಅವರು ಚರ್ಚಿಗೆ ಹೋಗುವವರು, ನಾವು ಲಿಂಗ ಕಟ್ಟಿದವರು. ಅವರಲ್ಲಿ ಮಾಂಸ ಬೇಯುತ್ತದೆ, ನಮ್ಮಲ್ಲಿ ಇಲ್ಲ. ಆದರೂ ನಾವಿಬ್ಬರೂ ಸೊಸೆಯಂದಿರಾಗಿ ಬಂದಾಗಿನಿಂದ ತಾಟು ಗೋಡೆ ದಾಟುತ್ತಲೇ ಇದೆ. ನನಗೆ ಕಳಿಸುವುದನ್ನು ಅವಳು ಬೇರೆ ಪಾತ್ರೆಯಲ್ಲಿ ಮಾಡುತ್ತಾಳೆ. ಹಾಗೆ ಮಾಡೆಂದು ನಾನು ಹೇಳಿದವಳಲ್ಲ. ಓಣಿಯ ಕಟ್ಟಳೆ ಇಷ್ಟೇ: ಬಂದ ತಾಟನ್ನು ಬರಿದಾಗಿ ಕಳಿಸಬಾರದು. ಬಂದದ್ದನ್ನೇ ತಿನ್ನದೆ ತಿರುಗಿ ಕಳಿಸಿದರೆ ಮಾತು ಬಿಟ್ಟಂತೆ.

ಚರ್ಚಿನ ಸುಗ್ಗಿ ಹಬ್ಬದ ದಿನ ಮಾರ್ತಮ್ಮ ಎಣ್ಣೆ ಸವರಿದ ಗೋಧಿ ರೊಟ್ಟಿ ತಂದಳು. "ನಮ್ಮ ಹಳೀ ಇಂಗ್ಲಿಷ್ ಬೈಬಲ್ಲಿನಾಗ ಇದಕ್ಕ ಮೀಟ್ ಆಫರಿಂಗ್ ಅಂತ ಬರದಾರಂತ. ಪಾದ್ರಿಯವರು ಓದಿ ಹೇಳ್ಯಾರ," ಎಂದು ಹೆಮ್ಮೆಯಿಂದ ಹೇಳಿ, ಮುಂದಿನ ಮನೆಗೆ ಕೊಡಲು ಹೋದಳು. ನಾನು ಒಂದು ತುತ್ತು ಬಾಯಿಗೆ ಹಾಕಿದ್ದೆ. ಸೊಸೆ ಸವಿತಾ ಒಳಗಿನಿಂದ ಓಡಿ ಬಂದಳು.

"ಅತ್ತಿ, ಉಗುಳ್ರಿ! ಮೀಟ್ ಅಂದ್ರ ಮಾಂಸ!"

ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ತುತ್ತನ್ನು ದವಡೆಯ ಪಕ್ಕಕ್ಕೆ ತಳ್ಳಿ, ಮಂಗನ ಹಾಗೆ ಕೆನ್ನೆ ಉಬ್ಬಿಸಿ ಕುಳಿತೆ. ನುಂಗಿದರೆ ಕೊರಳಿನ ಲಿಂಗಕ್ಕೇನು ಹೇಳಲಿ, ಉಗುಳಿದರೆ ಮಾರ್ತಮ್ಮನಿಗೇನು ಹೇಳಲಿ? ಸವಿತಾ ಮೊಬೈಲ್ ಹಿಡಿದು ಹುಡುಕತೊಡಗಿದಳು. ಅಷ್ಟರಲ್ಲಿ ಮಾರ್ತಮ್ಮ ಮತ್ತೆ ಬಾಗಿಲಲ್ಲಿ.

"ಯಾಕ ಶರಣಿ, ಮಾರಿ ಹಿಂಗ್ಯಾಕ ಮಾಡೀದಿ? ಉಪ್ಪು ಜಾಸ್ತಿ ಆಗ್ಯಾದೇನು?"

ಅವಳನ್ನೇ ನೋಡಿದೆ. ಬೇರೆ ಪಾತ್ರೆ ಇಟ್ಟವಳು ಇವಳು. ನುಂಗಿಬಿಟ್ಟೆ.

"ಉಪ್ಪು ಬರಾಬರಿ ಅದ. ಎಣ್ಣಿ ಹಚ್ಚಲಿಕ್ಕ ಮಾತ್ರ ಭಾಳ ಕಂಜೂಸಿ ಮಾಡೀದಿ," ಎಂದು ಇನ್ನೊಂದು ತುಂಡು ಮುರಿದೆ.

ಆಮೇಲೆ ಸವಿತಾ ಮೊಬೈಲ್ ನೋಡುತ್ತ ನಗತೊಡಗಿದಳು. ಹಳೆಯ ಇಂಗ್ಲಿಷಿನಲ್ಲಿ ಮೀಟ್ ಎಂದರೆ ಬರೀ ಊಟವಂತೆ; ಏನು ಉಂಡರೂ ಅದೇ ಮಾತು. ಆಫರಿಂಗ್ ಎಂದರೆ ನೈವೇದ್ಯ; ಅದಕ್ಕೆ ಬೇಕಾದದ್ದು ಹಿಟ್ಟು, ಎಣ್ಣೆ, ಉಪ್ಪು, ಒಂದಿಷ್ಟು ಧೂಪ. ಈಚಿನ ಅನುವಾದದವರು ಅದನ್ನು ಧಾನ್ಯದ ನೈವೇದ್ಯ ಎಂದು ತಿದ್ದಿದ್ದಾರಂತೆ. ಹಳಬರನ್ನು ನಾನು ಬೈಯಲಾರೆ. ನಮ್ಮ ಎಣ್ಣೆ ಎಂಬ ಮಾತೂ ಒಂದು ಕಾಲಕ್ಕೆ ಎಳ್ಳಿನದಕ್ಕಷ್ಟೇ ಇತ್ತಂತೆ. ಈಗ ಓಣಿಯ ಹುಡುಗರಿಗೆ ಎಣ್ಣೆ ಎಂದರೆ ಬಾಟಲಿ ನೆನಪಾಗುತ್ತದೆ. ನಾನು ಉಪ್ಪಿನಕಾಯಿ ಹಾಕುವ ಬಗೆಯನ್ನು ಮುಂದೆ ಯಾರಾದರೂ ಓದಿದರೆ, ಮುದುಕಿ ಭಾರಿ ಕುಡುಕಿ ಎಂದಾರು.

ಸವಿತಾ ತಾನೇ ತಾಟು ತೊಳೆದು, ಶೇಂಗಾ ಹೋಳಿಗೆ ಇಟ್ಟು ಕೊಟ್ಟಳು. ಮಾರ್ತಮ್ಮನಿಗೆ ಹುರುಪು.

"ಇದಕ್ಕ ಇಂಗ್ಲಿಷಿನಾಗ ಏನಂತಾರವ್ವ?"

"ಏನೂ ಅನ್ನಂಗಿಲ್ಲ ಮಾರ್ತವ್ವ," ಎಂದಳು ಸವಿತಾ, "ಸುಮ್ನ ತಿನ್ರಿ."